ಕಪ್ಪು-ಬಿಳುಪು ಮಾಡಿದ ಮಾತ್ರಕ್ಕೆ ಫೈನ್ ಆರ್ಟ್ ಆಗದು

‘ಈ ಫೋಟೊನ ಬ್ಲ್ಯಾಕ್ ಅಂಡ್ ವೈಟ್ ಮಾಡಿಕೊಡಿ, ಫೈನ್ ಆರ್ಟ್ ಥರ ಕಾಣುತ್ತೆ’ ಎಂಬ ಬೇಡಿಕೆಗೆ ಕೊನೆಯೇ ಇಲ್ಲ. ಬಣ್ಣ ತೆಗೆಯುವುದು ಒಂದು ಕ್ಲಿಕ್ಕಿನ ಕೆಲಸ. ಹಾಗೆ ತೆಗೆದರೆ ಕೆಂಪು ಸೀರೆಯೂ ಅದರ ಹಿಂದಿನ ಹಸಿರು ಗದ್ದೆಯೂ ಒಂದೇ ಬೂದು ಬಣ್ಣವಾಗಿ ಬೆರೆತುಹೋಗಬಹುದು. ಸೀರೆ ಬೆಳಗಬೇಕೋ, ಗದ್ದೆ ಬೆಳಗಬೇಕೋ? ಯಾಕೆ? ಇದಕ್ಕೆ ಉತ್ತರ ಇಟ್ಟುಕೊಂಡು, ಪ್ರಿಂಟಿನವರೆಗೂ ಅದನ್ನು ಬಿಡದೆ ಸಾಧಿಸಿದವರ ಚಿತ್ರವನ್ನು ಫೈನ್ ಆರ್ಟ್ ಎನ್ನಬಹುದು. ಅದು ಬಣ್ಣದಲ್ಲಿದ್ದರೂ ಸರಿಯೇ.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರ ಸಂಜೆ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿಯಲ್ಲಿ ತೆಗೆದ ಚಂದ್ರೋದಯದ ಚಿತ್ರವನ್ನೇ ನೋಡಿ. 8x10 ಇಂಚಿನ ಫಿಲ್ಮಿನ ಕ್ಯಾಮೆರಾ ಹೂಡಿದ್ದಾಯಿತು, ಬೆಳಕು ಅಳೆಯುವ ಲೈಟ್ ಮೀಟರ್ ಮಾತ್ರ ಕೈಗೆ ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ (ಬೆಳಕಿನ ಅಳತೆ) ಎಂಬ ಲೆಕ್ಕ ತಲೆಯಲ್ಲಿತ್ತು. ಅದರ ಆಧಾರದ ಮೇಲೆ ಎಫ್/32ರಲ್ಲಿ, ಅಂದರೆ ಲೆನ್ಸಿನ ತೆರಪನ್ನು ತುಂಬಾ ಕಿರಿದಾಗಿಸಿ, ಫಿಲ್ಮಿಗೆ ಒಂದು ಸೆಕೆಂಡ್ ಬೆಳಕು ಕೊಟ್ಟರು. ಇನ್ನೊಂದು ತೆಗೆಯುವಷ್ಟರಲ್ಲಿ ಮುನ್ನೆಲೆಯ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಹೋಯಿತು.

ಸಿಕ್ಕಿದ್ದು ಒಂದೇ ನೆಗೆಟಿವ್. ಅದರಲ್ಲಿ ಮುನ್ನೆಲೆ ತೆಳುವಾಗಿತ್ತು, ಅಂದರೆ ಪ್ರಿಂಟಿನಲ್ಲಿ ವಿವರ ಕಪ್ಪಿನಲ್ಲಿ ಕಳೆದುಹೋಗುವ ಅಪಾಯ. 1948ರಲ್ಲಿ ಆ ಭಾಗಕ್ಕೆ ರಾಸಾಯನಿಕದಿಂದ ಸಾಂದ್ರತೆ ಏರಿಸಿದರು. ಆರಂಭದ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿದೆ, ತೆಳ್ಳನೆಯ ಮೋಡಗಳೂ ಕಾಣುತ್ತವೆ. ದಶಕಗಳು ಕಳೆದಂತೆ ಡಾರ್ಕ್‌ರೂಮಿನಲ್ಲಿ ಆಕಾಶದ ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು (ಪ್ರಿಂಟಿನ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ) ಅದನ್ನು ಹೆಚ್ಚುಕಡಿಮೆ ಕಡುಗಪ್ಪು ಮಾಡಿದರು. ನೆಗೆಟಿವ್ ಅದೇ, ಚಿತ್ರ ಬೇರೆ.

ಒಂದು ಎಚ್ಚರಿಕೆ: ಸುದ್ದಿಚಿತ್ರದ ಆಕಾಶವನ್ನು ಹೀಗೆ ಕಪ್ಪಾಗಿಸುವಂತಿಲ್ಲ, ಅಲ್ಲಿನ ಹೊಣೆ ಬೇರೆ.

ಕಪ್ಪು-ಬಿಳುಪೇ ಬೇಕೆಂದಿದ್ದರೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಸೊನ್ನೆಗೆ ಇಳಿಸಬೇಡಿ. ಎಡಿಟಿಂಗ್ ಸಾಫ್ಟ್‌ವೇರಿನ ಬ್ಲ್ಯಾಕ್ ಅಂಡ್ ವೈಟ್ ಆಯ್ಕೆಯಲ್ಲಿ ಕೆಂಪು, ಹಸಿರು, ನೀಲಿಯ ಸ್ಲೈಡರುಗಳನ್ನು ಬೇರೆಬೇರೆಯಾಗಿ ಸರಿಸಿ. ಕೆಂಪು ಏರಿಸಿದರೆ ಸೀರೆ ಬೆಳಗುತ್ತದೆ, ನೀಲಿ ಇಳಿಸಿದರೆ ಆಕಾಶ ಕಪ್ಪಾಗುತ್ತದೆ. ನೀಲಿಯನ್ನು ತೀರಾ ಇಳಿಸಿದರೆ ಆಕಾಶದಲ್ಲಿ ಮರಳು ಎರಚಿದಂಥ ಚುಕ್ಕೆಗಳೂ, ಬೆಟ್ಟದ ಅಂಚಿನಲ್ಲಿ ಬಿಳಿ ಗೆರೆಯೂ ಏಳುತ್ತವೆ. ಮಾನಿಟರಿನ ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದವರಿಗೆ ಪ್ರಿಂಟ್ ಕಪ್ಪಾಗಿ ಬರುತ್ತದೆ, ಬೈಗುಳ ಲ್ಯಾಬಿನವರಿಗೆ. 300 ಡಿಪಿಐ (ಪ್ರಿಂಟಿನ ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3000 ಪಿಕ್ಸೆಲ್ ಅಗಲದ ಫೈಲಿನಿಂದ ಬರುವುದು 10 ಇಂಚು ಅಗಲದ ಪ್ರಿಂಟ್. ಹಾಗಾಗಿ ವಾಟ್ಸಾಪಿನಲ್ಲಿ ಕುಗ್ಗಿ ಬಂದ ಪ್ರತಿ ಬೇಡ, ಮೂಲ ಫೈಲನ್ನೇ ಕೊಡಿ. ದೊಡ್ಡದು ಹಾಕಿಸುವ ಮೊದಲು ಅದೇ ಕಾಗದದಲ್ಲಿ ಒಂದು ಸಣ್ಣ ತುಂಡು ತೆಗೆಸಿ, ಚಿತ್ರ ತೂಗುವ ಗೋಡೆಯ ಮೇಲೆ, ಅಲ್ಲಿನ ದೀಪದಲ್ಲೇ ನೋಡಿ.