ಅಬ್ರಪ್ಟ್ ಅಂದರೆ ಬರೀ ಹಠಾತ್ ಅಲ್ಲ

ಹೊಸಬರೊಬ್ಬರ ಅನುವಾದ ತಿದ್ದುತ್ತಿದ್ದೆ. ‘ಮ್ಯಾನೇಜರ್ ನನ್ನ ಜೊತೆ ಹಠಾತ್ತಾಗಿದ್ದರು’ ಎಂದಿತ್ತು. ಹಠಾತ್ತಾಗಿರುವುದು ಹೇಗೆ ಅಂತ ತಲೆ ಕೆರೆದುಕೊಂಡೆ. ಇಂಗ್ಲಿಷ್ ಮೂಲದಲ್ಲಿ ಇದ್ದದ್ದು ‘ಅಬ್ರಪ್ಟ್’. ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥವನ್ನೇ ಎತ್ತಿ ಹಾಕಿದ್ದರು, ಪಾಪ.

ಈ ಪದ ಹುಟ್ಟಿದ್ದೇ ಮುರಿಯುವುದರಿಂದ. ಲ್ಯಾಟಿನ್‌ನ ‘ರುಂಪೆರೆ’ ಅಂದರೆ ಮುರಿ. ಮುಂದೆ ‘ಅಬ್’ ಸೇರಿಸಿದರೆ, ಮುರಿದು ಬೇರೆ ಮಾಡು. 16ನೇ ಶತಮಾನದ ಕೊನೆಯ ಹೊತ್ತಿಗೆ ಇದು ಇಂಗ್ಲಿಷಿಗೆ ಬಂತು. ರಪ್ಚರ್, ಇಂಟರಪ್ಟ್, ಎರಪ್ಟ್ ಎಲ್ಲ ಇದರ ದಾಯಾದಿಗಳು. ಕರಪ್ಟ್ ಕೂಡ!

ಹಾಗಾದರೆ ಸಡನ್‌ಗೂ ಇದಕ್ಕೂ ಏನು ವ್ಯತ್ಯಾಸ? ಮಳೆ ಇದ್ದಕ್ಕಿದ್ದಂತೆ ಶುರುವಾದರೆ ಸಡನ್. ಭಾಷಣ ಮಾಡುತ್ತಿದ್ದವರು ಅರ್ಧ ವಾಕ್ಯಕ್ಕೇ ಮೈಕ್ ಇಟ್ಟು ಕೆಳಗಿಳಿದರೆ ಆ ಮುಕ್ತಾಯ ಅಬ್ರಪ್ಟ್. ನಡೆಯುತ್ತಿದ್ದ ಏನೋ ಒಂದು ತುಂಡಾಗಬೇಕು. ಈ ವ್ಯತ್ಯಾಸ ಗೆರೆ ಎಳೆದಷ್ಟು ಕಟ್ಟುನಿಟ್ಟೇನಲ್ಲ, ಎಷ್ಟೋ ಕಡೆ ಎರಡೂ ನಡೆಯುತ್ತವೆ. ಆದರೆ ಕಿವಿಗೆ ಆ ತುಂಡಾದ ಸದ್ದು ಕೇಳಿಸಬೇಕು ಅನ್ನುವುದು ನನ್ನ ಲೆಕ್ಕ.

ಕಡಿದಾದ ಬಂಡೆಗೂ, ಒಂದು ವಿಷಯದಿಂದ ಇನ್ನೊಂದಕ್ಕೆ ಹಾರುವ ಬರವಣಿಗೆಗೂ ಇದೇ ಪದ.

ನನಗೆ ಜಾಸ್ತಿ ಇಷ್ಟವಾಗುವುದು ಮನುಷ್ಯರಿಗೆ ಹಚ್ಚುವ ಅರ್ಥ. ‘ಸರ್, ನಾಳೆ ರಜೆ ಬೇಕಿತ್ತು.’ ‘ಆಗಲ್ಲ.’ ಅಷ್ಟೇ. ಕಂಪ್ಯೂಟರ್‌ನಿಂದ ಕಣ್ಣೂ ಎತ್ತಲಿಲ್ಲ. ಇದಕ್ಕೆ ನಮ್ಮಲ್ಲಿ ‘ಕಡ್ಡಿ ಮುರಿದ ಹಾಗೆ’ ಅನ್ನುವ ಮಾತಿದೆ. ನೋಡಿ, ಇಲ್ಲೂ ಮುರಿಯುವುದೇ! ಒಂದು ಎಚ್ಚರ ಮಾತ್ರ ಬೇಕು. ಕಡ್ಡಿ ಮುರಿಯುವವರ ಮಾತಿನಲ್ಲಿ ಖಚಿತತೆ ಜಾಸ್ತಿ, ಅಬ್ರಪ್ಟ್ ಆದವರಲ್ಲಿ ಒರಟುತನ ಜಾಸ್ತಿ. ಹಾಗಾಗಿ ಆ ಸಾಲನ್ನು ‘ಮ್ಯಾನೇಜರ್ ಮುಖ ಕೊಟ್ಟೂ ಮಾತಾಡಲಿಲ್ಲ’ ಅಂತ ತಿದ್ದಿದೆ.

ಅಬ್ರಪ್ಟ್‌ಲಿ, ಅಬ್ರಪ್ಟ್‌ನೆಸ್ ಇವುಗಳಲ್ಲಿ ತಕರಾರಿಲ್ಲ. ಮೊದಲನೆಯದು ಕ್ರಿಯೆ ನಡೆದ ಬಗೆ, ಎರಡನೆಯದು ಆ ಗುಣ. ಎಡವುವುದು ಅಬ್ರಪ್ಷನ್ ಹತ್ತಿರ. ದಿನದ ಮಾತಿನಲ್ಲಿ ಇದು ಸಿಗುವುದೇ ಅಪರೂಪ. ಸಿಕ್ಕರೆ ಬಹುಪಾಲು ಆಸ್ಪತ್ರೆಯ ಕಾಗದದಲ್ಲಿ, ಪ್ಲಾಸೆಂಟಾ, ಅಂದರೆ ಮಾಸಿನ ಜೊತೆಗೆ. ಹೆರಿಗೆಗೆ ಮುಂಚೆಯೇ ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳುವುದಕ್ಕೆ ಹೀಗೆನ್ನುತ್ತಾರೆ. ತಾಯಿ, ಮಗು ಇಬ್ಬರಿಗೂ ಅಪಾಯ. ಅಲ್ಲಿ ಹಠಾತ್, ದಿಢೀರ್ ಅಂತೆಲ್ಲ ಹುಡುಕುತ್ತಾ ಕೂರಬೇಡಿ. ‘ಮಾಸು ಕಳಚಿದೆ’ ಅಂತಲೇ ಬರೆಯಿರಿ.