ಕಾಯ್ದೆಯಲ್ಲಿ ಹೆಸರಿಲ್ಲದ ನಾಯಿ

ಕಳೆದ ಆಟಿ ತಿಂಗಳಲ್ಲಿ ಎಣ್ಮಕಜೆ ಕಡೆಯ ಕಕ್ಷಿದಾರರೊಬ್ಬರು ಕಾಸರಗೋಡಿನ ನನ್ನ ಕಚೇರಿಗೆ ಬಂದಿದ್ದರು. ಅವರಿಗೆ ಎರಡೂ ಕಣ್ಣು ಕಾಣಿಸುವುದಿಲ್ಲ. ಜತೆಗಿದ್ದ ಲ್ಯಾಬ್ರಡಾರ್ ನಾಯಿ ಮಳೆಗೆ ತೊಯ್ದ ಮೈಯನ್ನು ಜಗಲಿಯಲ್ಲೇ ಕೊಡವಿಕೊಂಡು ಒಳಬಂದು, ಅವರ ಕಾಲಬುಡದಲ್ಲಿ ಮಲಗಿತು. ನನ್ನ ಗುಮಾಸ್ತರು ಹಾಕಿದ ಬಿಸ್ಕತ್ತನ್ನು ಮೂಸಿಯೂ ನೋಡಲಿಲ್ಲ. ಅದರ ಬೆನ್ನಿನ ಪಟ್ಟಿಗೆ ಬಗ್ಗದ ಹಿಡಿಯೊಂದಿತ್ತು. ಆ ಹಿಡಿಯ ಏರಿಳಿತದಿಂದಲೇ ಮೆಟ್ಟಿಲು, ಚರಂಡಿ, ತಿರುವುಗಳು ತಮಗೆ ತಿಳಿಯುತ್ತವೆ ಎಂದರು. ಎದುರಿಗೆ ವಾಹನ ಬರುತ್ತಿದ್ದರೆ ಯಜಮಾನರು ನಡೆ ಎಂದರೂ ನಡೆಯದಿರುವುದನ್ನು ಇಂಥ ನಾಯಿಗೆ ಕಲಿಸಿರುತ್ತಾರೆ.

ಅವರ ದೂರು ಚಿಕ್ಕದು. ಮಂಗಳೂರಿಗೆ ಆಸ್ಪತ್ರೆಗೆಂದು ಹೋದಾಗ ವಸತಿಗೃಹವೊಂದರಲ್ಲಿ, ನಾಯಿಯನ್ನು ಹೊರಗೆ ಕಟ್ಟಿದರೆ ಮಾತ್ರ ಕೋಣೆ ಎಂದರಂತೆ. "ವಕೀಲರೇ, ಇದಕ್ಕೆ ಕಾನೂನು ಏನಾದರೂ ಉಂಟಾ?"

ಉಂಟು, ಆದರೆ ಅದು ನಾಯಿಯ ಹೆಸರಿನಲ್ಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ 'ಸೇವಾ ನಾಯಿ' ಎಂಬ ಮಾತು ಸಿಗುವುದಿಲ್ಲ. ಹಾಗಾಗಿ ನಾಯಿಗೆ ಪ್ರವೇಶ ಕೊಡಿ ಎಂದು ವಾದಿಸಿದರೆ ಸೋಲುವ ಸಂಭವವೇ ಹೆಚ್ಚು. ವಾದವನ್ನು ವ್ಯಕ್ತಿಯಿಂದ ಆರಂಭಿಸಬೇಕು. ಕಾಯ್ದೆಯ 2ನೇ ಸೆಕ್ಷನಿನಲ್ಲಿರುವ ತಾರತಮ್ಯದ ವ್ಯಾಖ್ಯೆಯೊಳಗೆ 'ಸಮಂಜಸ ಹೊಂದಾಣಿಕೆ'ಯನ್ನು ನಿರಾಕರಿಸುವುದೂ ಸೇರಿದೆ. ಎಂದರೆ, ಎದುರು ಪಕ್ಷಕ್ಕೆ ಅತಿಯಾದ ಹೊರೆಯಾಗದಂತೆ ಮಾಡಿಕೊಡಬಹುದಾದ ಅಗತ್ಯ ಬದಲಾವಣೆಯನ್ನು ಮಾಡಿಕೊಡದಿರುವುದೇ ತಾರತಮ್ಯ. 3ನೇ ಸೆಕ್ಷನ್ ಇಂಥ ತಾರತಮ್ಯವನ್ನು ನಿಷೇಧಿಸುತ್ತದೆ, ಮತ್ತು ತನ್ನ ಕ್ರಮ ನ್ಯಾಯಸಮ್ಮತ ಉದ್ದೇಶಕ್ಕೆ ತಕ್ಕ ಪ್ರಮಾಣದ್ದೇ ಆಗಿತ್ತು ಎಂದು ತೋರಿಸಿಕೊಡುವ ಹೊಣೆಯನ್ನು ನಿರಾಕರಿಸಿದವರ ಮೇಲೆ ಹೊರಿಸುತ್ತದೆ. ಶಸ್ತ್ರಚಿಕಿತ್ಸೆಯ ಕೋಣೆಗೆ ನಾಯಿ ಬೇಡ ಎಂದರೆ ಅದು ನಿಲ್ಲುವ ಕಾರಣ; ಬೇರೆ ಗಿರಾಕಿಗಳಿಗೆ ಹೇಸಿಗೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯದಲ್ಲಿ ನಿಲ್ಲುವ ಕಾರಣವಲ್ಲ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಬಗ್ಗೆ ಇರುವ, ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 9 ಮತ್ತು 20ನೇ ವಿಧಿಗಳು ಉಪಕರಣಗಳ ಜತೆಗೆ 'ಜೀವಂತ ಸಹಾಯ'ವನ್ನೂ ಹೆಸರಿಸಿರುವುದು ಈ ವಾದಕ್ಕೆ ಬಲ ಕೊಡುತ್ತದೆ.

ಗೇರುತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದ ದುರಂತದ ನಂತರ ನಮ್ಮ ಜಿಲ್ಲೆಯಲ್ಲಿ ಅಂಗವೈಕಲ್ಯದ ಮಾತೆಂದರೆ ಪಿಂಚಣಿಯ ಮತ್ತು ಪರಿಹಾರದ ಮಾತೇ ಆಗಿಬಿಟ್ಟಿದೆ. 2017ರಲ್ಲಿ ಸುಪ್ರೀಂ ಕೋರ್ಟು ಆದೇಶಿಸಿದ ಐದು ಲಕ್ಷ ರೂಪಾಯಿಯ ಲೆಕ್ಕ ಎಲ್ಲರಿಗೂ ಗೊತ್ತು. ಮನೆಯಿಂದ ಹೊರಟು ಬಸ್ಸು ಹತ್ತಿ ಪೇಟೆಗೆ ಹೋಗಿಬರುವುದೂ ಹಕ್ಕೇ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಜಾಲತಾಣಗಳಲ್ಲಿ ಓದಿ ಬಂದವರು ಅಮೆರಿಕದ 1990ರ ಅಂಗವಿಕಲರ ಕಾಯ್ದೆಯನ್ನು ಉದ್ಧರಿಸುವುದುಂಟು. ಅದು ಇಲ್ಲಿ ನಡೆಯದು. ಆದರೂ ಅಲ್ಲಿನ ಪದ್ಧತಿಯೊಂದು ನನಗೆ ಮೆಚ್ಚುಗೆಯಾಗಿದೆ: ಬಾಗಿಲಲ್ಲಿ ನಿಂತ ಸಿಬ್ಬಂದಿ, ಈ ನಾಯಿ ಅಂಗವೈಕಲ್ಯದ ಕಾರಣಕ್ಕೆ ಬೇಕಾದದ್ದೇ, ಯಾವ ಕೆಲಸಕ್ಕೆ ಇದನ್ನು ತರಬೇತುಗೊಳಿಸಲಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಬಹುದು. ಹತ್ತಿರವಿದ್ದರೆ ಮನಸ್ಸಿಗೆ ಸಮಾಧಾನ ಎನ್ನುವಷ್ಟೇ ಕಾರಣಕ್ಕೆ ಸಾಕಿದ ನಾಯಿ ಅಲ್ಲಿಯೂ ಸೇವಾ ನಾಯಿಯಲ್ಲ. ನಮ್ಮ ಕಾಯ್ದೆಯಲ್ಲಿ ಸೇವಾ ನಾಯಿಗಳ ನೋಂದಣಿಯೇ ಇಲ್ಲದಿರುವುದರಿಂದ, ಹಣ ಪಡೆದು ಯಾರಾದರೂ 'ಗುರುತಿನ ಚೀಟಿ' ಕೊಡುತ್ತೇವೆಂದರೆ ಅದಕ್ಕೆ ಕಾನೂನಿನ ಬೆಲೆಯಿಲ್ಲ. ಕೈಯಲ್ಲಿರಬೇಕಾದದ್ದು ಯಜಮಾನರ ಯುಡಿಐಡಿ ಕಾರ್ಡು (ಅಂಗವಿಕಲರಿಗೆ ಸರಕಾರ ಕೊಡುವ ಗುರುತಿನ ಚೀಟಿ), ತರಬೇತಿ ಕೊಟ್ಟವರ ಪತ್ರ, ರೇಬೀಸ್ ಲಸಿಕೆಯ ದಾಖಲೆ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸನ್ಸ್ ಕೂಡ ಬೇಕು. ಬೀದಿನಾಯಿಗಳ ಭಯ ಇಷ್ಟಿರುವಲ್ಲಿ ಈ ಕಾಗದಗಳೇ ಅರ್ಧ ಜಗಳವನ್ನು ತಪ್ಪಿಸುತ್ತವೆ.

ವಿಮಾನದಲ್ಲಿ ತರಬೇತಾದ ಮಾರ್ಗದರ್ಶಿ ನಾಯಿಯನ್ನು ಪ್ರಯಾಣಿಕರ ಜತೆಗೇ ಒಯ್ಯಲು ನಿಯಮಗಳಲ್ಲಿ ಅವಕಾಶವಿದೆ. ರೈಲಿನಲ್ಲಿ ನಾಯಿಗಳಿಗೆ ಸಾಮಾನ್ಯ ನಿಯಮವೆಂದರೆ ಪ್ರಥಮ ದರ್ಜೆಯ ಕೂಪೆ, ಇಲ್ಲವೇ ಗಾರ್ಡಿನ ಡಬ್ಬಿಯ ಪೆಟ್ಟಿಗೆ. ಕಣ್ಣಿನ ಬದಲಿಗಿರುವ ನಾಯಿಯನ್ನು ಪೆಟ್ಟಿಗೆಯಲ್ಲಿಟ್ಟು ಯಜಮಾನರನ್ನು ಬೇರೆ ಬೋಗಿಗೆ ಕಳುಹಿಸುವುದು ಯಾವ ಬಗೆಯ ಹೊಂದಾಣಿಕೆಯೋ ನನಗಂತೂ ತಿಳಿಯದು.

ದೂರು ಎಲ್ಲಿಗೆ ಎಂಬುದು ಗಡಿಯವರಿಗೆ ಸದಾ ಇರುವ ತೊಡಕು. ಕಾಯ್ದೆ ಕೇಂದ್ರದ್ದಾದ್ದರಿಂದ ತಲಪಾಡಿ ಗಡಿಯ ಆಚೆಗೂ ಈಚೆಗೂ ಹಕ್ಕು ಒಂದೇ. ಆದರೆ ಘಟನೆ ನಡೆದದ್ದು ಮಂಗಳೂರಿನಲ್ಲಾದರೆ ದೂರು ಕರ್ನಾಟಕದ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ, ಕುಂಬಳೆಯಲ್ಲಾದರೆ ತಿರುವನಂತಪುರದ ಆಯುಕ್ತರಿಗೆ. ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಕಾಗಿಲ್ಲ, ಏಕೆಂದರೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಇಲ್ಲಿನ ಕನ್ನಡಿಗರಿಗೆ ಸರಕಾರದೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಕೊಟ್ಟಿದೆ. ಆಯುಕ್ತರು ಮಾಡುವ ಶಿಫಾರಸಿಗೆ ಸಂಬಂಧಪಟ್ಟ ಪ್ರಾಧಿಕಾರ ಮೂರು ತಿಂಗಳೊಳಗೆ ಉತ್ತರ ಕೊಡಬೇಕು. ಕಾಯ್ದೆಯ ಮೊದಲ ಉಲ್ಲಂಘನೆಗೆ ಹತ್ತು ಸಾವಿರ ರೂಪಾಯಿಯವರೆಗೆ, ಮರುಕಳಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವಿದೆ. ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ 92ನೇ ಸೆಕ್ಷನಿನಡಿ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆಯೂ ಆದೀತು. ಬರಿಯ ನಿರಾಕರಣೆಗೆ ಈ ಸೆಕ್ಷನನ್ನು ಎಳೆದು ತರಬಾರದು, ಅದರಿಂದ ಗಟ್ಟಿಯಾದ ದೂರೂ ಸಡಿಲವಾಗುತ್ತದೆ.

ನನ್ನ ಕಕ್ಷಿದಾರರ ಬಳಿ ಆ ದಿನದ ಒಂದು ಚೀಟಿಯೂ ಇರಲಿಲ್ಲ, ಮಾತನಾಡಿದವರ ಹೆಸರೂ ಗೊತ್ತಿರಲಿಲ್ಲ. ಮುಂದಿನ ತಪಾಸಣೆಗೆ ಕೋಣೆ ಕಾದಿರಿಸುವಾಗ ನಾಯಿಯ ವಿಷಯವನ್ನು ಮೊದಲೇ ಇಮೇಲಿನಲ್ಲಿ ತಿಳಿಸಿರಿ, ಬೇಡವೆನ್ನುವುದಾದರೆ ಅವರೂ ಬರೆದೇ ಹೇಳಲಿ ಎಂದು ಹೇಳಿ ಕಳುಹಿಸಿದ್ದೇನೆ.