ಸ್ವಂತಕ್ಕೆ ಜಾಗ ಕೊಂಡು ಮಾರುವವರಿಗೆ ಏಜೆಂಟ್ ಲೈಸೆನ್ಸ್ ಬೇಕಾ?

ಪ್ರಶ್ನೆ: ನಾನು ಕುಶಾಲನಗರದವನು. ಆಗೊಮ್ಮೆ ಈಗೊಮ್ಮೆ ಒಂದು ಸೈಟು, ಇಲ್ಲಾ ಒಂದೆರಡು ಎಕರೆ ತೋಟ ತಗೊಂಡು, ಕೆಲವು ವರ್ಷ ಇಟ್ಟುಕೊಂಡು ಮಾರುತ್ತೇನೆ. ಪ್ರತಿ ಸಲ ಬ್ರೋಕರ್‌ಗೆ ಕಮಿಷನ್ ಕೊಡುವ ಬದಲು ನಾನೇ ಲೈಸೆನ್ಸ್ ಮಾಡಿಸಿಕೊಂಡರೆ ಆಗುವುದಿಲ್ಲವೇ?

ಉತ್ತರ: ಮಾಡಿಸಬಹುದು. ಆದರೆ ನಿಮಗೆ ಅದರಿಂದ ಲಾಭ ಕಾಣುತ್ತಿಲ್ಲ. ನಿಮ್ಮ ದುಡ್ಡಿಗೆ ಕೊಂಡು ನಿಮ್ಮ ಹೆಸರಿನಲ್ಲೇ ಮಾರಲು ಯಾವ ಲೈಸೆನ್ಸೂ ಬೇಡ. ಬ್ರೋಕರ್ ಇಲ್ಲದೆ ನೇರವಾಗಿ ವ್ಯವಹಾರ ಮಾಡಲು ಈಗಲೂ ಯಾರೂ ಅಡ್ಡ ಬರುವುದಿಲ್ಲ.

ಈ ಯೋಚನೆ ಸಾಮಾನ್ಯವಾಗಿ ಅಮೆರಿಕದವರ ವಿಡಿಯೊ ನೋಡಿ ಬರುತ್ತದೆ. ಅಲ್ಲಿ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವರಿಗೆ ಏಜೆಂಟರು ತಮ್ಮೊಳಗೆ ಹಂಚಿಕೊಳ್ಳುವ, ಮಾರಾಟಕ್ಕಿರುವ ಮನೆಗಳ ಪಟ್ಟಿ ಸಿಗುತ್ತದೆ, ಕಮಿಷನ್‌ನಲ್ಲಿ ಪಾಲೂ ಸಿಗುತ್ತದೆ. ನಮ್ಮಲ್ಲಿ ಅಂಥ ಪಟ್ಟಿ ಎಲ್ಲಿದೆ? ತೋಟ ಮಾರಾಟಕ್ಕಿದೆ ಅನ್ನುವುದು ಗೊತ್ತಾಗುವುದೇ ಬಾಯಿಂದ ಬಾಯಿಗೆ.

ನಮ್ಮಲ್ಲಿರುವುದು 2016ರ ರೇರಾ ಕಾಯ್ದೆಯ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ, ಏಜೆಂಟ್ ನೋಂದಣಿ. ಲೇಔಟ್, ಅಪಾರ್ಟ್‌ಮೆಂಟ್‌ನಂಥ ಯೋಜನೆಗಳಲ್ಲಿ ಬೇರೆಯವರ ಪರವಾಗಿ ಮಾರಿಸಿ ಕಮಿಷನ್ ಪಡೆಯುವವರಿಗೆ ಇದು ಕಡ್ಡಾಯ. ಕರ್ನಾಟಕದಲ್ಲಿ ಒಬ್ಬ ವ್ಯಕ್ತಿಗೆ ಶುಲ್ಕ 25,000 ರೂಪಾಯಿ, ಅವಧಿ 5 ವರ್ಷ. ನೋಂದಣಿ ಇಲ್ಲದೆ ಈ ಕೆಲಸ ಮಾಡಿದರೆ ದಿನಕ್ಕೆ 10,000 ರೂಪಾಯಿ ದಂಡ ಬೀಳಬಹುದು.

ನಿಮ್ಮಂಥವರು ಎಡವುವುದು ಬೇರೆ ಕಡೆ. ಎರಡು ಎಕರೆ ತಗೊಂಡು, ಕೃಷಿಯೇತರ ಬಳಕೆಗೆ ಕನ್ವರ್ಷನ್ ಮಾಡಿಸಿ, ಐದೈದು ಸೆಂಟಿನ (ಎಕರೆಗೆ ನೂರು ಸೆಂಟು) ಸೈಟು ಮಾಡಿ ಮಾರೋಣ ಅಂತ ಹೊರಟಿರೋ, ಕಾನೂನಿನ ಕಣ್ಣಿಗೆ ನೀವು ಡೆವಲಪರ್. ಜಾಗ 500 ಚದರ ಮೀಟರ್ ದಾಟಿದರೆ, ಅಂದರೆ ಹತ್ತಿರ ಹತ್ತಿರ ಹನ್ನೆರಡೂವರೆ ಸೆಂಟು, ಆ ಯೋಜನೆಯನ್ನೇ ರೇರಾದಲ್ಲಿ ನೋಂದಾಯಿಸಬೇಕು. ಅದಕ್ಕೂ ಮೊದಲು ಜಾಹೀರಾತು ಕೊಡುವಂತಿಲ್ಲ, ಅಡ್ವಾನ್ಸ್ ಮುಟ್ಟುವಂತಿಲ್ಲ. ಜೇಬಿನಲ್ಲಿ ಏಜೆಂಟ್ ಲೈಸೆನ್ಸ್ ಇದ್ದರೂ ಇದು ತಪ್ಪುವುದಿಲ್ಲ.

ಇನ್ನು ತೋಟದ ವಿಷಯ. ನಮ್ಮ ಕೊಡಗು ಜಿಲ್ಲೆಯಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳುವುದು ಕಮಿಷನ್‌ನಲ್ಲಲ್ಲ, ಪಹಣಿಯಲ್ಲಿ. ಜಮ್ಮಾ ಜಾಗವಾದರೆ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗವಾದರೆ, ಪಹಣಿಯಲ್ಲಿ ಒಕ್ಕದ (ಮನೆತನದ) ಹಿರಿಯ ಪಟ್ಟೆದಾರರ ಹೆಸರಿದ್ದು, ಜೊತೆಗೆ ಹತ್ತಾರು ಹಕ್ಕುದಾರರು ಇರಬಹುದು. ಜಾಗ ತೋರಿಸಿದವರು ಒಬ್ಬರು, ಸಹಿ ಹಾಕಬೇಕಾದವರು ಹತ್ತು ಜನ! ಅವರಲ್ಲಿ ಇಬ್ಬರು ಬೆಂಗಳೂರಲ್ಲಿ, ಒಬ್ಬರು ದುಬೈನಲ್ಲಿ. ಬಾಣೆಯಾದರೆ, ಅಂದರೆ ಗದ್ದೆಗೆ ಸೇರಿದಂತೆ ಕೊಟ್ಟ ಮರಗಳಿರುವ ಜಾಗವಾದರೆ, ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ರಿಡೀಮ್ ಆಗಿದೆಯಾ ನೋಡಬೇಕು. ಆಗಿಲ್ಲದಿದ್ದರೆ ಮರದ ಹಕ್ಕು ಸರ್ಕಾರದ್ದೇ, ಹಾಗಾಗಿ ಅಲ್ಲಿರುವ ಬೀಟೆ ಮರ ನೋಡಿ ಜಾಸ್ತಿ ಬೆಲೆ ಕೊಡುವುದು ಸುಮ್ನೆ ನಷ್ಟ. ತೋಟದ ಅಂಚಿನಲ್ಲಿ ಪೈಸಾರಿ (ಸರ್ಕಾರಿ ಜಾಗ) ಸೇರಿಕೊಂಡಿದೆಯಾ ಅನ್ನುವುದು ಸರ್ವೆ ಮಾಡಿಸಿದರಷ್ಟೇ ಗೊತ್ತಾಗುತ್ತದೆ. ಹಾಗಾಗಿ ಆ 25,000ವನ್ನು ಜಮ್ಮಾ ಕಾಗದ ಓದಬಲ್ಲ ಮಡಿಕೇರಿಯ ಅಥವಾ ವಿರಾಜಪೇಟೆಯ ವಕೀಲರಿಗೆ, ಸರ್ವೆಗೆ ಖರ್ಚು ಮಾಡಿ ಅಂತಲೇ ನನ್ನ ಸಲಹೆ.

ಮೈಸೂರು, ಬೆಂಗಳೂರಿನಿಂದ ಗಿರಾಕಿ ಕರೆತಂದು ಬೇರೆಯವರ ಲೇಔಟ್ ಸೈಟು ಮಾರಿಸುವ ಆಸೆ ಇದ್ದರೆ ಮಾತು ಬೇರೆ. ಆಗ ನೋಂದಣಿ ಮಾಡಿಸಲೇಬೇಕು. ಮಧ್ಯೆ ನಿಮ್ಮದೇ ಸೈಟು ತೋರಿಸುವಾಗ ಅದು ನಿಮ್ಮದು ಅಂತ ಮೊದಲೇ ಹೇಳಿಬಿಡಿ. ರೇರಾದಲ್ಲಿ ನೋಂದಣಿಯಾಗದ ಲೇಔಟನ್ನು ಮಾತ್ರ ಮುಟ್ಟಬೇಡಿ, ಅದನ್ನು ಮಾರಿಸಿದ ಏಜೆಂಟಿಗೂ ದಂಡ ಇದೆ.